ಉಪ್ಪಿನ ಪೊಟ್ಟಣದೊಳಗಿನ ಕತೆ

ಪುಣೆಯ ಹಡಪಸರದ ಹೊಗೆ, ಹಾರನ್ನುಗಳನ್ನು ಕೆಳಗೆ ಬಿಟ್ಟು ದಿವೆ ಘಾಟಿ ಹತ್ತಿದರೆ ಗಾಳಿಗೆ ತಂಪು ಬರುತ್ತದೆ. ಶ್ರಾವಣದ ಬೆಳಗು. ಸಾಸವಡದ ಹಣ್ಣಿನ ಪೇಟೆಯಲ್ಲಿ ಆಗಲೇ ಟೆಂಪೊಗಳು ಹಿಂದುಮುಂದಾಗಿ ನಿಂತು, ಕ್ರೇಟುಗಟ್ಟಲೆ ಸೀತಾಫಲ ಇಳಿಯುತ್ತಿದೆ. ಬಿಳಿ ಟೋಪಿಯ ಅಜ್ಜನೊಬ್ಬ ಒಂದೊಂದೇ ಹಣ್ಣನ್ನು ಅಂಗೈಯಲ್ಲಿ ತಿರುಗಿಸಿ, ಕಣ್ಣು ಬಿರಿದಿದೆಯೇ ಎಂದು ಹೆಬ್ಬೆರಳಿನಿಂದ ಸವರಿ, ದಪ್ಪದ್ದನ್ನು ಒಂದು ಕಡೆ, ಸಣ್ಣದ್ದನ್ನು ಇನ್ನೊಂದು ಕಡೆ ಹಾಕುತ್ತಾನೆ. ಒದ್ದೆ ಮಣ್ಣು, ಡೀಸೆಲ್ಲು, ಮಾಗಿದ ಹಣ್ಣಿನ ಸಿಹಿ, ಎಲ್ಲ ಕಲೆತ ವಾಸನೆ. ಚಳಿ ಬಿದ್ದರೆ ಇದೇ ಪೇಟೆಗೆ ಅಂಜೂರ ಬರುತ್ತದೆ. ಈ ಪುರಂದರ ಸೀಮೆಯ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ.

ಪೇಟೆ ದಾಟಿ ಕರ್ಹಾ ನದಿಯ ಕಡೆ ನಡೆಯೋಣ. ಸೋಪಾನದೇವರ ಸಮಾಧಿಯ ಕಡೆಯಿಂದ ತಾಳದ ಸದ್ದು. ಪುರಂದರೆ ಮನೆತನದ ವಾಡೆಯ ಎತ್ತರದ ಗೋಡೆಗಳ ಸಂದಿನಲ್ಲಿ ಗಿಡ ಬೆಳೆದಿವೆ. ದೂರದಲ್ಲಿ ಪುರಂದರಗಡ, ನಮ್ಮ ಪುರಂದರದಾಸರ ಹುಟ್ಟೂರು ಅದೇ ಎಂದು ನಂಬುವವರಿದ್ದಾರೆ. ಇನ್ನೊಂದು ಗಳಿಗೆ ಬಸ್ಸಿನಲ್ಲಿ ಕೂತರೆ ಜೇಜುರಿಯ ಖಂಡೋಬ, ನಮ್ಮ ಮೈಲಾರ.

ಹಳೆಯ ಪತ್ತೇದಾರಿ ಕಾದಂಬರಿಗೆ ಈ ಊರು ಹೇಳಿ ಮಾಡಿಸಿದಂತಿದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಬಂದಿದ್ದರೆ ನೇರ ಆ ವಾಡೆಗೇ ಟಾರ್ಚು ಹಿಡಿದು ನುಗ್ಗುತ್ತಿದ್ದ. ಈ ಮಣ್ಣಿಗೆ ನಶೆಯ ಕತೆಯೂ ಹೊಸದಲ್ಲ. ಪಕ್ಕದ ಕೋಡಿತದಲ್ಲಿ 1898ರಲ್ಲಿ ಹುಟ್ಟಿದ ಆಚಾರ್ಯ ಅತ್ರೆ 1939ರ ‘ಬ್ರಾಂಡಿಚೀ ಬಾಟಲೀ’ ಚಿತ್ರಕ್ಕೆ ಕತೆ ಬರೆದು ಮರಾಠಿ ಮಂದಿಯನ್ನು ನಗಿಸಿದರು. ಬಾಟಲಿ ಎಲ್ಲರ ಕಣ್ಣಿಗೆ ಕಾಣುತ್ತಿತ್ತು, ನಗಲೂ ಬರುತ್ತಿತ್ತು.

ಈಗಿನ ಸರಕು ಕಾಣುವುದಿಲ್ಲ. 2024ರ ಫೆಬ್ರುವರಿಯಲ್ಲಿ ಪುಣೆಯ ಪೊಲೀಸರು ಸೋಮವಾರ ಪೇಟೆಯಲ್ಲಿ ಕೆಲವರನ್ನು ಹಿಡಿದರು. ಆ ಎಳೆ ಹಿಡಿದು ವಿಶ್ರಾಂತವಾಡಿಯ ಗೋದಾಮಿಗೆ ಹೋದರೆ ಸಿಕ್ಕಿದ್ದು ಉಪ್ಪಿನ ಪೊಟ್ಟಣಗಳು. ಒಳಗೆ ಉಪ್ಪಿನಷ್ಟೇ ಬೆಳ್ಳಗಿನ, ಮೆಫೆಡ್ರೋನ್ ಎಂಬ ನಶೆಯ ಪುಡಿ, ಹುಡುಗರ ಬಾಯಲ್ಲಿ ‘ಎಂಡಿ’. ಪುಡಿ ತಯಾರಾಗುತ್ತಿದ್ದುದು ಇದೇ ಜಿಲ್ಲೆಯ ದೌಂಡ್ ತಾಲ್ಲೂಕಿನ ಕುರಕುಂಭದಲ್ಲಿ, ರಾಸಾಯನಿಕ ಕಾರ್ಖಾನೆಗಳ ಸಾಲಿನಲ್ಲಿ. ಹತ್ತಾರು ಕೊಳವೆಗಳಿಂದ ಹತ್ತಾರು ಬಗೆಯ ಘಾಟು ಹೊರಡುವ ಜಾಗದಲ್ಲಿ ಇನ್ನೊಂದು ಘಾಟನ್ನು ಯಾರು ಬೇರೆಯಾಗಿ ಮೂಸಿ ನೋಡಿಯಾರು? ಇನ್ನಷ್ಟು ಸರಕು ದೆಹಲಿಯಲ್ಲಿ ಸಿಕ್ಕಿತು. ಸುಮಾರು 140 ಕಿಲೊ ಸಾಂಗಲಿಯ ಕುಪವಾಡದಲ್ಲಿ. ಅದು ಮಿರಜಿನ ಮಗ್ಗುಲು, ಕನ್ನಡ ಕಿವಿಗೆ ಬೀಳುವ ಸೀಮೆ. ಎಲ್ಲ ಸೇರಿ 1,800 ಕಿಲೊಗೂ ಮಿಗಿಲು, ಪೊಲೀಸರ ಲೆಕ್ಕದಲ್ಲಿ 3,500 ಕೋಟಿ ರೂಪಾಯಿ ದಾಟಿದ ಮಾಲು. ಈ ಪುಡಿ 50 ಗ್ರಾಂ ಮೀರಿದರೆ ಸಾಕು, ಕಾನೂನು ಅದನ್ನು ವ್ಯಾಪಾರದ ಪ್ರಮಾಣವೆಂದು ಎಣಿಸುತ್ತದೆ. ಶಿಕ್ಷೆ 10 ವರ್ಷಕ್ಕೆ ಕಡಿಮೆಯಿಲ್ಲ.

ದೂರದ ಸುದ್ದಿಯೆಂದು ನಾವು ಪುಟ ತಿರುವುವಂತಿಲ್ಲ. 2025ರ ಜುಲೈಯಲ್ಲಿ ಮುಂಬೈನ ಸಾಕಿನಾಕಾ ಪೊಲೀಸರು ಜಾಡು ಹಿಡಿದು ಬಂದು ನಿಂತದ್ದು ನಮ್ಮ ಮೈಸೂರಿನ ರಿಂಗ್ ರಸ್ತೆಯ ಬದಿಯಲ್ಲಿ. ಅಲ್ಲೂ ಇದೇ ಎಂಡಿ ತಯಾರಾಗುತ್ತಿತ್ತು.

ಸಣ್ಣ ಊರಿನ ಅಪರಾಧ ಪಾಳು ವಾಡೆಗಳಲ್ಲಿ ನಡೆಯುವುದಿಲ್ಲ. ಕೆಲಸದ ವೇಷದಲ್ಲೇ ನಡೆಯುತ್ತದೆ. ಇದನ್ನು ಕಾದಂಬರಿ ಮಾಡಹೊರಟವರು ಪೊಲೀಸ್ ಜೀಪು ಹತ್ತುವ ಮೊದಲು ಇಂಥ ಪೇಟೆಯೊಂದರಲ್ಲಿ ಹಮಾಲರ ಜೊತೆ ಕೂತು ಚಹಾ ಕುಡಿಯಬೇಕು. ಕಳ್ಳ ಯಾರೆಂದು ಕೊನೆಯ ಪುಟದಲ್ಲಿ ತಿಳಿದರೆ ಪುರುಷೋತ್ತಮನ ಓದುಗರಿಗೆ ಸಾಕಿತ್ತು. ನನಗೆ ಸಾಲದು. ಲೋಡು ಇಳಿಸುವ ಹತ್ತೊಂಬತ್ತರ ಹುಡುಗನ ಸುದ್ದಿ ಬೇಕು: ಅವನ ದಿನದ ಕೂಲಿ ಎಷ್ಟು, ಉಪ್ಪಿನ ಲೋಡು ಹೊತ್ತಲ್ಲದ ಹೊತ್ತಿನಲ್ಲೇ ಯಾಕೆ ಬರುತ್ತದೆ ಎಂಬ ಅನುಮಾನ ಅವನಿಗೆ ಮೊದಲು ಬಂದದ್ದು ಯಾವಾಗ, ಬಂದಾಗ ಊರಿನಲ್ಲಿ ಯಾರ ಮುಂದೆ ಅವನು ಬಾಯಿ ಬಿಡಬಹುದಿತ್ತು.