ಜನಿವಾರಕ್ಕೂ ಮೊದಲು ಉತ್ತರೀಯ

ಶ್ರಾದ್ಧದ ದಿನ ಪುರೋಹಿತರು ಮತ್ತೆ ಮತ್ತೆ ‘ಸವ್ಯ’, ‘ಅಪಸವ್ಯ’ ಎನ್ನುವುದನ್ನು ಕೇಳಿರುತ್ತೀರಿ. ಕರ್ತೃ ಒಡನೆಯೇ ಜನಿವಾರವನ್ನು ಹೆಗಲಿಂದ ಹೆಗಲಿಗೆ ಬದಲಿಸುತ್ತಾನೆ. ದೇವಕಾರ್ಯಕ್ಕೆ ಎಡ ಹೆಗಲು, ಪಿತೃಕಾರ್ಯಕ್ಕೆ ಬಲ ಹೆಗಲು. ಋಷಿತರ್ಪಣಕ್ಕೆ ಮಾಲೆಯಂತೆ ಕೊರಳಲ್ಲಿ. ಒಂದು ನೂಲಿಗೆ ಇಷ್ಟೊಂದು ಓಡಾಟವೇಕೆ? ಅದರ ಜಾಗದಲ್ಲಿ ಹಿಂದೆ ಬಟ್ಟೆಯಿತ್ತು ಎಂಬುದನ್ನು ತಿಳಿದರೆ ಉತ್ತರ ಸಿಗುತ್ತದೆ.

ವೈದಿಕ ಕರ್ಮಕ್ಕೆ ಕುಳಿತವನು ಸೊಂಟಕ್ಕೊಂದು ವಸ್ತ್ರ ಉಟ್ಟು, ಮೇಲೊಂದು ಹೊದೆಯುತ್ತಿದ್ದ. ‘ಉಪವೀತ’ ಶಬ್ದದ ಮೂಲಧಾತುವಿಗೇ ಹೊದೆಯುವುದು, ಸುತ್ತುವುದು ಎಂಬ ಅರ್ಥವಿದೆ. ತೈತ್ತಿರೀಯ ಆರಣ್ಯಕವು ಯಜ್ಞೋಪವೀತವನ್ನು ವಿವರಿಸುವಾಗ ನೂಲಿನ ಮಾತನ್ನೇ ಆಡುವುದಿಲ್ಲ. ಜಿಂಕೆಯ ಚರ್ಮವನ್ನೋ ವಸ್ತ್ರವನ್ನೋ ಬಲ ಕಂಕುಳ ಕೆಳಗಿನಿಂದ ತಂದು ಎಡ ಹೆಗಲ ಮೇಲೆ ಹೊದೆಯುವ ರೀತಿಯೇ ಯಜ್ಞೋಪವೀತ. ಅದನ್ನೇ ತಿರುಗಿಸಿ ಹೊದ್ದರೆ ಪ್ರಾಚೀನಾವೀತ, ಅಂದರೆ ನಮ್ಮ ಅಪಸವ್ಯ. ಎಡ ಹೆಗಲ ಮೇಲೆ ಹೊದ್ದಾಗ ಆಹುತಿ ಹಾಕುವ ಬಲಗೈ ಬಿಡುವಾಗಿರುತ್ತದೆ.

ಬಟ್ಟೆ ನೂಲಾದ ಹಾದಿ ಸೂತ್ರಗ್ರಂಥಗಳಲ್ಲಿ ಕಾಣುತ್ತದೆ. ನೂಲು, ವಸ್ತ್ರ, ಇಲ್ಲವೇ ದರ್ಭೆಯ ಹಗ್ಗ, ಯಾವುದಾದರೂ ಆದೀತು ಎನ್ನುತ್ತದೆ ಗೋಭಿಲ ಗೃಹ್ಯಸೂತ್ರ. ಗೃಹಸ್ಥನು ಸದಾ ಉತ್ತರೀಯ ಹೊದ್ದಿರಬೇಕು ಎಂದು ವಿಧಿಸುವ ಆಪಸ್ತಂಬ ಧರ್ಮಸೂತ್ರ, ಅದರ ಬದಲು ನೂಲಾದರೂ ಸಾಕು ಎಂದು ರಿಯಾಯಿತಿ ಕೊಡುತ್ತದೆ. ಧರ್ಮಶಾಸ್ತ್ರದ ಇತಿಹಾಸ ಬರೆದ ಪಾಂಡುರಂಗ ವಾಮನ ಕಾಣೆಯವರು ಇಂಥ ಆಧಾರಗಳನ್ನು ಒಟ್ಟುಗೂಡಿಸಿ, ನೂಲಿನ ಜನಿವಾರ ಅನಂತರದ್ದೆಂದು ತೋರಿಸಿದ್ದಾರೆ. ರಿಯಾಯಿತಿಯಾಗಿ ಬಂದದ್ದೇ ಕಾಲಕ್ರಮದಲ್ಲಿ ಕಡ್ಡಾಯವಾಯಿತು.

ಹಳೆಯದರ ಗುರುತು ಪೂರ್ತಿ ಅಳಿದಿಲ್ಲ. ಉಪನಯನದಲ್ಲಿ ವಟುವಿನ ಜನಿವಾರಕ್ಕೆ ಕೃಷ್ಣಾಜಿನದ ಚೂರೊಂದನ್ನು ಕಟ್ಟುವುದು ಇಂದಿಗೂ ಉಂಟು. ಮೈಗೆ ಹೊದೆಯುತ್ತಿದ್ದ ಚರ್ಮ ಬೆರಳಗಲದ ತುಣುಕಾಗಿ ಉಳಿದಿದೆ. ನಮ್ಮ ಕಡೆ ಗೃಹಸ್ಥರು ಜೋಡಿ ಜನಿವಾರದ ಜೊತೆಗೆ ‘ಉತ್ತರೀಯಾರ್ಥ’ವೆಂದು ಮೂರನೆಯದನ್ನು ಧರಿಸುವುದೂ ಇದೆ. ಹೊದೆಯಲು ಶಲ್ಯವಿಲ್ಲದಿದ್ದರೆ ಕರ್ಮಕ್ಕೆ ಕೊರತೆಯಾಗಬಾರದೆಂದು ಈ ಏರ್ಪಾಡು.

ಆಚಾರವೆಂದರೆ ಅನಾದಿಯಿಂದ ಒಂದೇ ರೂಪದಲ್ಲಿ ಬಂದದ್ದು ಎಂದು ನಾವು ನಂಬುತ್ತೇವೆ. ಆದರೆ ‘ಇದಿಲ್ಲದಿದ್ದರೆ ಅದಾದೀತು’ ಎಂದು ಶಾಸ್ತ್ರಕಾರರೇ ದಾರಿ ಬಿಟ್ಟಿದ್ದರು. ನೂಲುಹುಣ್ಣಿಮೆಯಂದು ಹೊಸ ಜನಿವಾರ ಧರಿಸುವಾಗ ಆ ಮಾತನ್ನೂ ನೆನೆಯಬಹುದು.