ಸಾಕೆಟ್‌ನಲ್ಲಿ ಕೂತರೆ ಸಾಲದು: ಹಳೆಯ ಡೆಸ್ಕ್‌ಟಾಪ್, ಹೊಸ ಪ್ರೊಸೆಸರ್ ಮತ್ತು ಏಳು ತಪ್ಪು ಕಲ್ಪನೆಗಳು

ಹತ್ತು ಹನ್ನೆರಡು ವರ್ಷ ಹಳೆಯ ಡೆಸ್ಕ್‌ಟಾಪ್‌ಗಳು ನಮ್ಮ ಮನೆ, ಅಂಗಡಿ, ಶಾಲೆ, ಸಣ್ಣ ಕಚೇರಿಗಳಲ್ಲಿ ಇನ್ನೂ ದುಡಿಯುತ್ತಿವೆ. ಅವನ್ನು ಗುಜರಿಗೆ ಹಾಕುವ ಬದಲು ಒಂದು ಭಾಗ ಬದಲಿಸಿ ಇನ್ನಷ್ಟು ವರ್ಷ ಓಡಿಸುವುದು ಜೇಬಿಗೂ ಒಳ್ಳೆಯದು, ಇ-ತ್ಯಾಜ್ಯವೂ ಕಡಿಮೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಳಸಿದ ಪ್ರೊಸೆಸರ್‌ಗಳು ಕಡಿಮೆ ಬೆಲೆಗೆ ಸಿಗುತ್ತವೆ. ಆದರೆ ತಂದು ಹಾಕಿದ ಮೇಲೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಗೆ ಉಳಿಯುತ್ತದೆ ಎಂಬ ದೂರು ಸಾಮಾನ್ಯ. ಇದಕ್ಕೆ ಬಹುಪಾಲು ಕಾರಣ ಕೆಟ್ಟ ಪ್ರೊಸೆಸರ್ ಅಲ್ಲ, ಕೊಳ್ಳುವ ಮೊದಲು ನಂಬಿದ ಅರ್ಧಸತ್ಯಗಳು. ಯಾವ ಪ್ರೊಸೆಸರ್ ನಡೆಯುತ್ತದೆ ಎಂದು ತೀರ್ಮಾನಿಸುವುದು ಮದರ್‌ಬೋರ್ಡ್. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ.

ತಪ್ಪು ಕಲ್ಪನೆ 1: ಸಾಕೆಟ್ ಒಂದೇ ಆಗಿದ್ದರೆ ಯಾವ ಪ್ರೊಸೆಸರ್ ಆದರೂ ನಡೆಯುತ್ತದೆ.

ಸತ್ಯ: ಸಾಕೆಟ್ ಹೊಂದಿಕೆಯಾಗುವುದು ಮೊದಲ ಮೆಟ್ಟಿಲು ಮಾತ್ರ. ಇಂಟೆಲ್‌ನ ಎಲ್‌ಜಿಎ 775 ಸಾಕೆಟ್ 2004ರಲ್ಲಿ ಪೆಂಟಿಯಂ 4ರ ಜೊತೆ ಬಂತು. 2006ರ ಕೋರ್ 2 ಡ್ಯುಯೋ, ಆಮೇಲಿನ ಕೋರ್ 2 ಕ್ವಾಡ್ ಕೂಡ ಅದೇ ಸಾಕೆಟ್‌ಗೆ ಬಂದವು. ಆದರೂ 915 ಚಿಪ್‌ಸೆಟ್ ಇರುವ ಸಾಮಾನ್ಯ ಬೋರ್ಡ್‌ಗೆ ಕೋರ್ 2 ಡ್ಯುಯೋ ಹಾಕಿದರೆ ಕಂಪ್ಯೂಟರ್ ಏಳುವುದಿಲ್ಲ. ಹೊಸ ಪ್ರೊಸೆಸರ್ ಕೇಳುವ ವೋಲ್ಟೇಜ್ ಕೊಡುವ ಸರ್ಕ್ಯೂಟ್ ಆ ಬೋರ್ಡ್‌ನಲ್ಲಿಲ್ಲ, ಚಿಪ್‌ಸೆಟ್‌ಗೆ ಅದರ ಪರಿಚಯವೂ ಇಲ್ಲ.

ಎಲ್‌ಜಿಎ 1151ರ ಕಥೆ ಇನ್ನೂ ಗೊಂದಲದ್ದು. 6 ಮತ್ತು 7ನೇ ತಲೆಮಾರಿನ ಪ್ರೊಸೆಸರ್‌ಗಳು 100 ಮತ್ತು 200 ಸರಣಿಯ ಚಿಪ್‌ಸೆಟ್‌ಗಳ ಮೇಲೆ ನಡೆಯುತ್ತವೆ. 2017ರ ಅಕ್ಟೋಬರ್‌ನಲ್ಲಿ ಬಂದ 8ನೇ ತಲೆಮಾರಿಗೂ, ನಂತರದ 9ನೆಯದಕ್ಕೂ ಅಷ್ಟೇ 1151 ಸಂಪರ್ಕಬಿಂದುಗಳಿವೆ. ಆದರೆ ಅವುಗಳಲ್ಲಿ ಕೆಲವನ್ನು ವಿದ್ಯುತ್ ಮತ್ತು ಗ್ರೌಂಡ್‌ಗಾಗಿ ಬೇರೆ ರೀತಿ ಹಂಚಲಾಗಿದೆ. ಇಂಟೆಲ್ ಅವಕ್ಕೆ 300 ಸರಣಿಯ ಬೋರ್ಡನ್ನೇ ಕಡ್ಡಾಯ ಮಾಡಿತು. ಪ್ರೊಸೆಸರ್ ಹಳೆಯ ಬೋರ್ಡ್‌ನಲ್ಲಿ ನೀಟಾಗಿ ಕೂರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ.

ತಪ್ಪು ಕಲ್ಪನೆ 2: ನಡೆಯದಿದ್ದರೆ ಬಯೋಸ್ ಅಪ್‌ಡೇಟ್ ಮಾಡಿದರಾಯಿತು.

ಸತ್ಯ: ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡ್‌ನಲ್ಲೇ ಇರುವ ತಂತ್ರಾಂಶವಾದ ಬಯೋಸ್‌ನ ಅಪ್‌ಡೇಟ್ ಎಷ್ಟೋ ಕಡೆ ಬೇಕೇ ಬೇಕು, ಆದರೆ ಎಲ್ಲ ಕಡೆಯೂ ಅದು ದಾರಿಯಲ್ಲ. ನಮ್ಮಲ್ಲಿ ಬಹಳ ಮಾರಾಟವಾದ ಎಚ್61 ಚಿಪ್‌ಸೆಟ್‌ನ ಬೋರ್ಡನ್ನೇ ತೆಗೆದುಕೊಳ್ಳಿ. 2011ರಲ್ಲಿ ಬಂದ ಈ ಬೋರ್ಡ್‌ಗಳು 2ನೇ ತಲೆಮಾರಿನ ಐ3-2100, ಐ5-2400ರಂಥ ಪ್ರೊಸೆಸರ್‌ಗಳಿಗೆ ಸಿದ್ಧವಾಗಿದ್ದವು. 2012ರ 3ನೇ ತಲೆಮಾರಿನ ಐ7-3770 ಹಾಕಬೇಕಾದರೆ ಬೋರ್ಡ್ ತಯಾರಕರು ಅದಕ್ಕೆಂದೇ ಹೊರತಂದ ಬಯೋಸ್ ಬೇಕು. ಅಂಥ ಬಯೋಸ್ ಬಂದೇ ಇಲ್ಲದಿದ್ದರೆ ಬೇರೆ ಉಪಾಯವಿಲ್ಲ. ಕಚೇರಿಗಳ ಕಂಪ್ಯೂಟರ್‌ಗಳಲ್ಲಿ ಹೆಚ್ಚಾಗಿ ಕಾಣುವ ಕ್ಯೂ65, ಕ್ಯೂ67, ಬಿ65 ಚಿಪ್‌ಸೆಟ್‌ಗಳಿಗೂ ಎಚ್61ರದೇ 1155 ಸಾಕೆಟ್ ಇದ್ದರೂ 3ನೇ ತಲೆಮಾರಿಗೆ ಇಂಟೆಲ್‌ನ ಅಧಿಕೃತ ಬೆಂಬಲವಿಲ್ಲ. ಕಚೇರಿಗಳಿಂದ ಹೊರಬಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಂಡವರು ಎಡವುವುದು ಇಲ್ಲೇ.

ಅಪ್‌ಡೇಟ್ ಮಾಡುವ ಕ್ರಮವೂ ಅಷ್ಟೇ ಮುಖ್ಯ. ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸ್ ಹೊಸದಾಗಬೇಕು. ಹೊಸದನ್ನು ಹಾಕಿದ ಮೇಲೆ ಬೋರ್ಡ್ ಏಳುವುದೇ ಇಲ್ಲವಾದ್ದರಿಂದ ಅಪ್‌ಡೇಟ್ ಮಾಡಲು ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಕೆಲವು ಬೋರ್ಡ್‌ಗಳಲ್ಲಿ ಬಯೋಸ್ ಜೊತೆಗೆ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಇನ್ನೊಂದು ಫರ್ಮ್‌ವೇರ್ ಕೂಡ ಬದಲಾಗಬೇಕು. ತಯಾರಕರು ಹೇಳಿದ ಹಂತ ಬಿಡಬಾರದು. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡೇ ಸತ್ತುಹೋಗಬಹುದು, ಹಾಗಾಗಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಎಎಂಡಿಯ ಎಎಂ4 ಸಾಕೆಟ್ ಈ ವಿಷಯದಲ್ಲಿ ಉದಾರಿ. 2017ರ ಎಷ್ಟೋ ಬೋರ್ಡ್‌ಗಳಿಗೆ 2020ರ ರೈಜನ್ 5000 ಸರಣಿಯ ಬೆಂಬಲ 2022ರಲ್ಲಿ ಸಿಕ್ಕಿತು. ಅಲ್ಲೂ ಒಂದು ಮಿತಿ ಇದೆ. ಹಲವು ಬೋರ್ಡ್‌ಗಳ ಬಯೋಸ್ ಚಿಪ್ 16 ಎಂಬಿಯದು. ಹೊಸ ಪ್ರೊಸೆಸರ್‌ಗಳಿಗೆ ಜಾಗ ಮಾಡಲು ಕೆಲವು ತಯಾರಕರು ಹಳೆಯವುಗಳ ಬೆಂಬಲವನ್ನೇ ತೆಗೆದರು.

ತಪ್ಪು ಕಲ್ಪನೆ 3: ಪರದೆ ಕಪ್ಪಾಗಿದ್ದರೆ ಮಾರಿದವರು ಕೆಟ್ಟ ಪ್ರೊಸೆಸರ್ ಕೊಟ್ಟಿದ್ದಾರೆ.

ಸತ್ಯ: ಪ್ರೊಸೆಸರ್ ಸುಲಭಕ್ಕೆ ಕೆಡುವ ವಸ್ತುವಲ್ಲ. ಮೊದಲು ಬೇರೆ ಕಾರಣಗಳನ್ನು ನೋಡಿ. ಬಯೋಸ್ ಹಳೆಯದಿರಬಹುದು. ಪ್ರೊಸೆಸರ್‌ಗೆ ಗ್ರಾಫಿಕ್ಸ್ ಇಲ್ಲದಿರಬಹುದು: ಐ5-9400ಎಫ್‌ನಂತೆ ಹೆಸರಿನ ಕೊನೆಗೆ ‘ಎಫ್’ ಇರುವವು, ಝಿಯಾನ್ ಇ3-1230 ವಿ2, ‘ಜಿ’ ಅಕ್ಷರವಿಲ್ಲದ ಮೊದಲ ತಲೆಮಾರುಗಳ ರೈಜನ್‌ಗಳು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಏನನ್ನೂ ತೋರಿಸುವುದಿಲ್ಲ. ಝಿಯಾನ್ ಅಗ್ಗವೆಂದು ಕೊಂಡವರು ಕಾರ್ಡ್‌ಗೆ ಮತ್ತೆ ಹಣ ಹಾಕಬೇಕಾಗುತ್ತದೆ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನಿಂದ ಪ್ರೊಸೆಸರ್‌ಗೆಂದೇ ಬರುವ 4 ಪಿನ್ನಿನ ಕನೆಕ್ಟರ್ ಕಳಚಿ ಮತ್ತೆ ಹಾಕಲು ಮರೆತಿರಬಹುದು. ಇಂಟೆಲ್‌ನ ಎಲ್‌ಜಿಎ ಬೋರ್ಡ್‌ಗಳಲ್ಲಿ ಪಿನ್ನುಗಳಿರುವುದು ಸಾಕೆಟ್‌ನೊಳಗೆ. ಒಂದು ಪಿನ್ ಬಾಗಿದರೂ ಬೋರ್ಡ್ ಏಳದಿರಬಹುದು, ಅಥವಾ ಎರಡು ರ‍್ಯಾಮ್‌ಗಳಲ್ಲಿ ಒಂದೇ ಕಾಣಿಸಬಹುದು. ಹಳೆಯ ಪ್ರೊಸೆಸರನ್ನು ಮತ್ತೆ ಹಾಕಿ ನೋಡಿ. ಅದರಲ್ಲಿ ಕಂಪ್ಯೂಟರ್ ಸರಿಯಾಗಿ ಎದ್ದರೆ ಬಯೋಸ್ ಮತ್ತು ಗ್ರಾಫಿಕ್ಸ್ ಕಡೆ ಮೊದಲು ಗಮನ ಕೊಡಿ.

ತಪ್ಪು ಕಲ್ಪನೆ 4: ಗಿಗಾಹರ್ಟ್ಸ್ ಹೆಚ್ಚಿದ್ದಷ್ಟೂ ವೇಗ ಹೆಚ್ಚು.

ಸತ್ಯ: 3.8 ಗಿಗಾಹರ್ಟ್ಸ್‌ನ ಪೆಂಟಿಯಂ 4ನ್ನು 2.4 ಗಿಗಾಹರ್ಟ್ಸ್‌ನ ಕೋರ್ 2 ಡ್ಯುಯೋ ಇ6600 ಸಲೀಸಾಗಿ ಹಿಂದೆ ಹಾಕಿತು, ಅದೂ ಕಡಿಮೆ ವಿದ್ಯುತ್ತಿನಲ್ಲಿ. ಒಂದು ಸುತ್ತಿನಲ್ಲಿ ಎಷ್ಟು ಕೆಲಸ ಆಗುತ್ತದೆ, ಎಷ್ಟು ಕೋರ್‌ಗಳಿವೆ ಎಂಬುದು ಲೆಕ್ಕಕ್ಕೆ ಬರುತ್ತದೆ. ಒಂದೇ ತಲೆಮಾರಿನೊಳಗೆ ಹೋಲಿಸುವಾಗ ಮಾತ್ರ ಗಿಗಾಹರ್ಟ್ಸ್ ನಂಬಬಹುದು.

ತಪ್ಪು ಕಲ್ಪನೆ 5: ಹಳೆಯ ಕೂಲರ್, ಹಳೆಯ ಎಸ್‌ಎಂಪಿಎಸ್ ಸಾಕು.

ಸತ್ಯ: ಐ3-2100 65 ವ್ಯಾಟ್‌ನದು. ಐ7-2600 95 ವ್ಯಾಟ್‌ನದು. ಐ3ರ ಜೊತೆ ಬಂದ ಚಿಕ್ಕ ಕೂಲರನ್ನೇ ಉಳಿಸಿಕೊಂಡರೆ ಐ7 ಕಾಯುತ್ತದೆ, ಕಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ದುಡ್ಡು ಕೊಟ್ಟು ತಂದ ವೇಗ ಹೀಗೆ ಕೈತಪ್ಪುತ್ತದೆ. ಐ7-2600ರಂತೆಯೇ 3.4 ಗಿಗಾಹರ್ಟ್ಸ್‌ನ ಐ7-3770 77 ವ್ಯಾಟ್‌ನದು. ಬೋರ್ಡ್ ಒಪ್ಪುವುದಾದರೆ ಅದೇ ಜಾಣ ಆಯ್ಕೆ. ಯಾವುದೇ ಇರಲಿ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಲೇಬೇಕು. ವರ್ಷಗಟ್ಟಲೆ ದೂಳು ಕುಡಿದ ಅಗ್ಗದ ಎಸ್‌ಎಂಪಿಎಸ್ ಮೇಲೆ ಹೆಚ್ಚುವರಿ ಹೊರೆ ಹೊರಿಸುವ ಮೊದಲು ಅದನ್ನೂ ಪರೀಕ್ಷಿಸಿ.

ತಪ್ಪು ಕಲ್ಪನೆ 6: ಪ್ರೊಸೆಸರ್ ಬದಲಿಸಿದರೆ ಡಿಡಿಆರ್4 ರ‍್ಯಾಮ್, ವಿಂಡೋಸ್ 11 ಎಲ್ಲವೂ ಬಂದಂತೆ.

ಸತ್ಯ: ರ‍್ಯಾಮ್ ಸ್ಲಾಟ್ ಇರುವುದು ಬೋರ್ಡ್ ಮೇಲೆ. ಡಿಡಿಆರ್3 ಬೋರ್ಡ್ ಕೊನೆಯವರೆಗೂ ಡಿಡಿಆರ್3. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಜೊತೆಗೆ ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ್ದಾಗಿರಬೇಕು. 1155 ಸಾಕೆಟ್‌ನ ಅತ್ಯುತ್ತಮ ಐ7 ಕೂಡ ಆ ಪಟ್ಟಿಯಲ್ಲಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಥ ಯಂತ್ರಗಳಿಗೆ ಲಿನಕ್ಸ್ ಒಳ್ಳೆಯ ದಾರಿ, ಕನ್ನಡ ಬರೆಯಲು ಓದಲು ಅದರಲ್ಲಿ ಯಾವ ಕೊರತೆಯೂ ಇಲ್ಲ.

ತಪ್ಪು ಕಲ್ಪನೆ 7: ಕಂಪ್ಯೂಟರ್ ನಿಧಾನವಾಗಿದ್ದರೆ ತಪ್ಪು ಪ್ರೊಸೆಸರ್‌ನದೇ.

ಸತ್ಯ: ಆನ್ ಆಗಲು ನಿಮಿಷಗಟ್ಟಲೆ ಹಿಡಿಯುವುದು, ಒಂದು ಫೈಲ್ ತೆರೆಯಲು ಕಾಯಿಸುವುದು ಹೆಚ್ಚಾಗಿ ಹಾರ್ಡ್ ಡಿಸ್ಕ್‌ನ ದೋಷ. ಅದರ ಜಾಗಕ್ಕೆ ಸಾಟಾ ಎಸ್‌ಎಸ್‌ಡಿ ಹಾಕಿ, 4 ಜಿಬಿ ರ‍್ಯಾಮನ್ನು 8ಕ್ಕೆ ಏರಿಸಿದರೆ ಹಳೆಯ ಐ3 ಕೂಡ ದಿನನಿತ್ಯದ ಕೆಲಸಕ್ಕೆ ಚುರುಕಾಗುತ್ತದೆ. ಈ ಎರಡರಲ್ಲಿ ಹೊಂದಾಣಿಕೆಯ ತಲೆನೋವೂ ಬಹಳ ಕಡಿಮೆ. ವಿಡಿಯೋ ಸಂಕಲನ, ದೊಡ್ಡ ಪ್ರೋಗ್ರಾಂ ಕಂಪೈಲ್ ಮಾಡುವುದು, ಕೆಲವು ಆಟಗಳು: ಇಂಥವುಗಳಿಗೆ ಮಾತ್ರ ಪ್ರೊಸೆಸರ್ ನಿಜವಾಗಿ ಬೇಕು. ಟಾಸ್ಕ್ ಮ್ಯಾನೇಜರ್ ತೆರೆದು, ನಿಧಾನವಾದ ಹೊತ್ತಿನಲ್ಲಿ 100% ತಲುಪುತ್ತಿರುವುದು ಡಿಸ್ಕೋ ಪ್ರೊಸೆಸರೋ ನೋಡಿಕೊಳ್ಳಿ.

ಹಾಗಾದರೆ ಮಾಡಬೇಕಾದದ್ದೇನು? ವಿಂಡೋಸ್‌ನ ‘ಸಿಸ್ಟಂ ಇನ್ಫರ್ಮೇಶನ್’ ತೆರೆದು ಬೋರ್ಡ್‌ನ ಹೆಸರು ಮತ್ತು ಬಯೋಸ್ ಆವೃತ್ತಿ ಬರೆದುಕೊಳ್ಳಿ. ಬೋರ್ಡ್ ಮೇಲೆ ಅಚ್ಚಾಗಿರುವ ರಿವಿಷನ್ ಸಂಖ್ಯೆಯನ್ನೂ ಸೇರಿಸಿ, ಏಕೆಂದರೆ ಒಂದೇ ಹೆಸರಿನ ಎರಡು ರಿವಿಷನ್‌ಗಳ ಬೆಂಬಲ ಬೇರೆಯಾಗಿರಬಹುದು. ತಯಾರಕರ ತಾಣದಲ್ಲಿ ಆ ಬೋರ್ಡ್‌ನ ‘ಸಿಪಿಯು ಸಪೋರ್ಟ್’ ಪಟ್ಟಿ ಹುಡುಕಿ. ನಿಮಗೆ ಬೇಕಾದ ಪ್ರೊಸೆಸರ್ ಅದರಲ್ಲಿದೆಯೇ, ಎಷ್ಟನೇ ಬಯೋಸ್‌ನಿಂದ ಇದೆ, ಎಷ್ಟು ವ್ಯಾಟ್ ಎಂದು ನೋಡಿ. ಪಟ್ಟಿಯಲ್ಲಿಲ್ಲದ ಪ್ರೊಸೆಸರನ್ನು ‘ನಡೆಯುತ್ತೆ ಬಿಡಿ’ ಎಂಬ ಬಾಯಿಮಾತಿನ ಮೇಲೆ ಕೊಳ್ಳಬೇಡಿ. ಒಂದು ಸಂಸಾರ ಕೂಡಿಟ್ಟ ಹಣಕ್ಕೆ, ಒಬ್ಬ ವಿದ್ಯಾರ್ಥಿಯ ಓದಿಗೆ ಆ ಪಟ್ಟಿ ಓದುವ ಹತ್ತು ನಿಮಿಷಕ್ಕಿಂತ ದೊಡ್ಡ ರಕ್ಷಣೆ ಬೇರೆ ಇಲ್ಲ.