ಹೊನ್ನಿನ ಸರಣಿ ಕೂಡಿಸಬಹುದೇ?

ಪ್ರಶ್ನೆ: ಶಿವಾಜಿಯ ಹೊನ್ನಿನಿಂದ ಶುರುಮಾಡಿ ಚಿನ್ನದ ನಾಣ್ಯಗಳ ಪೂರ್ತಿ ಸರಣಿ ಸಂಗ್ರಹಿಸುವಾಸೆ. ಹೂಡಿಕೆಯಾಗಿ ಹೇಗೆ? (ಪುಣೆಯ ಓದುಗರು)

ಉತ್ತರ: ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತೀರಿ! 1674ರ ರಾಯಗಡದ ಪಟ್ಟಾಭಿಷೇಕದೊಂದಿಗೆ ಬೆಸೆದುಕೊಂಡ ಆ ಹೊನ್ನು, ಒಂದು ಬದಿ ‘ಶ್ರೀ ರಾಜಾ ಶಿವ’, ಇನ್ನೊಂದು ಬದಿ ‘ಛತ್ರಪತಿ’, ಇಂದು ತೀರ ವಿರಳ, ನಕಲಿಗಳೇ ಹೆಚ್ಚು. ನನ್ನನ್ನು ಕೇಳಿದರೆ ವಿಜಯನಗರದತ್ತ ತಿರುಗಿ. ಅಲ್ಲಿನ ಸುಮಾರು 3.4 ಗ್ರಾಂ ತೂಗುವ ವರಾಹವೆಂಬ ಚಿನ್ನದ ನಾಣ್ಯಗಳಲ್ಲಿ ಕೃಷ್ಣದೇವರಾಯನ ಬಾಲಕೃಷ್ಣ, ಅಚ್ಯುತರಾಯನ ಗಂಡಭೇರುಂಡ, ಸದಾಶಿವರಾಯನ ಲಕ್ಷ್ಮೀನಾರಾಯಣ ಹೀಗೆ ಬಗೆಬಗೆಯ ಮುದ್ರೆಗಳು. ಜೋಡಿಸುತ್ತ ಹೋದರೆ ಇತಿಹಾಸವೇ ಅಂಗೈಗೆ ಬರುತ್ತದೆ. ಲಾಭದ ಮಾತು ಬೇರೆ: ಬೇಗ ಮಾರಬೇಕೆಂದರೆ ಕೊಳ್ಳುವವರು ಸಿಗುವುದಿಲ್ಲ. ಕಾನೂನೂ ನೆನಪಿರಲಿ: ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಡಿ ಪುರಾತನ ವಸ್ತು. ನೀವಾಗಿ ವಿದೇಶಕ್ಕೆ ಸಾಗಿಸುವಂತಿಲ್ಲ. ನೆಲದಲ್ಲಿ ಸಿಕ್ಕಿದ್ದಾದರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.